ಡಾಕ್ ಆವೃತ್ತಿಯಲ್ಲಿ ಧ್ವಂಸವಾದ ಕರಾಚಿ

2025ರ ಮೇ 8ರ ರಾತ್ರಿ ಕಲಬುರಗಿಯ ನಮ್ಮ ಡೆಸ್ಕ್‌ನಲ್ಲಿ ಮುಖಪುಟದ ಹೊಣೆ ನನ್ನದಾಗಿತ್ತು. ಹಿಂದಿನ ದಿನವಷ್ಟೇ ‘ಆಪರೇಷನ್ ಸಿಂಧೂರ’ ನಡೆದಿದ್ದರಿಂದ ಬೀದರ್, ಯಾದಗಿರಿಗೆ ಹೋಗುವ, ಮೊದಲೇ ಅಚ್ಚಾಗುವ ಡಾಕ್ ಆವೃತ್ತಿಯನ್ನು ತಡವಾಗಿ ಬಿಡಲು ಪ್ರಸರಣ ವಿಭಾಗದವರು ಒಪ್ಪಿದ್ದರು, ಒಪ್ಪಿದ ಮೇಲೂ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡಿ “ಪೇಜ್ ಬಿಟ್ರೇನ್ರೀ?” ಎಂದು ಕೇಳುವುದನ್ನು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಟಿವಿ ವಾಹಿನಿಗಳು ನೌಕಾಪಡೆಯು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆಯೆಂದು ಕೂಗತೊಡಗಿದವು. ನನ್ನ ಮುಂದಿದ್ದ ಸುದ್ದಿಸಂಸ್ಥೆಯ ಕಾಪಿಯಲ್ಲಿ ಅದರ ಸುಳಿವೇ ಇರಲಿಲ್ಲ. ಆದರೂ ‘ಕರಾಚಿ ಬಂದರು ಧ್ವಂಸ: ವರದಿ’ ಎಂದು ಲೀಡ್‌ಗೆ, ಅಂದರೆ ಮುಖಪುಟದ ಮುಖ್ಯ ಸುದ್ದಿಗೆ, ಶೀರ್ಷಿಕೆ ಬರೆದೆ. ಆರು ಕಾಲಂನಲ್ಲಿ ಅದು ಹಿಡಿಯಲಿಲ್ಲ. ಪಾಯಿಂಟ್, ಅಂದರೆ ಅಕ್ಷರದ ಗಾತ್ರ, ಇಳಿಸಬೇಕಾದರೆ ಸಂಪಾದಕರನ್ನು ಕೇಳಬೇಕಿತ್ತು, ಇಳಿಸಿದರೆ ಯುದ್ಧದ ಸುದ್ದಿ ಸಪ್ಪೆಯಾಗುತ್ತದೆಂದು ನನಗೂ ಅನಿಸಿತು, ‘ವರದಿ’ಯನ್ನೇ ಕಿತ್ತುಹಾಕಿದೆ. ಉಳಿದ ಮೂರು ಪದಗಳಲ್ಲಿ ಕ್ರಿಯಾಪದವಿಲ್ಲ, ಮಾಡಿದವರಿಲ್ಲ, ಹೇಳಿದವರಿಲ್ಲ. ಹಲವು ವರ್ಷ ಕ್ರೀಡಾಪುಟದಲ್ಲಿ ‘ದಹನ’, ‘ಧೂಳೀಪಟ’ ಎಂದು ಬರೆದ ಕೈಗೆ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ. ಪರದೆಯ ಮೇಲೆ ಎರಡು ನಿಮಿಷ ಅದನ್ನೇ ನೋಡಿದೆ, ಮೆಚ್ಚಿಕೊಂಡೇ ನೋಡಿದೆನೆಂದು ಒಪ್ಪಿಕೊಳ್ಳಬೇಕು.

ಕೊನೆಗೆ ಅಚ್ಚಾಗುವ ಕಲಬುರಗಿಯ ಸಿಟಿ ಆವೃತ್ತಿಯ ಹೊತ್ತಿಗೂ ಕರಾಚಿಯ ಬಗ್ಗೆ ಅಧಿಕೃತವಾಗಿ ಒಂದು ಸಾಲೂ ಬಾರದಿದ್ದಾಗ ಕೈ ತಣ್ಣಗಾಯಿತು. ಜಮ್ಮು, ಪಠಾಣ್‌ಕೋಟ್, ಉಧಂಪುರದ ಸೇನಾ ನೆಲೆಗಳ ಮೇಲಿನ ಪಾಕಿಸ್ತಾನದ ದಾಳಿಯನ್ನು ವಿಫಲಗೊಳಿಸಲಾಗಿದೆ ಎಂಬ ಅಧಿಕೃತ ಹೇಳಿಕೆಯನ್ನೇ ಲೀಡ್ ಮಾಡಿದೆ. ಆದರೆ ಡಾಕ್ ವ್ಯಾನ್ ಆಗಲೇ ಕಮಲಾಪುರ ದಾಟಿತ್ತು. ಬೆಳಗಾಗುವಷ್ಟರಲ್ಲಿ ಕಲಬುರಗಿಯವರು ಓದಿದ ಯುದ್ಧವೇ ಬೇರೆ, ವಾಯುನೆಲೆಯ ಪಕ್ಕದಲ್ಲೇ ಬದುಕುವ ಬೀದರ್‌ನವರು ಓದಿದ ಯುದ್ಧವೇ ಬೇರೆ ಆಗಿತ್ತು.

ಮರುದಿನ ಬೀದರ್‌ನ ಏಜೆಂಟರು ಫೋನ್ ಮಾಡಿದರು. “ಪೇಪರ್ ಎಲ್ಲಾ ಖಾಲಿ ಆದ್ವು ಸರ್. ಆದ್ರ ಇನ್ನ ಅವ್ರು ನಮ್ಮ ಊರಿಗಿ ಹೊಡೀತಾರೇನು ಅಂತ ಮಂದಿ ಕೇಳಾಕತ್ಯಾರ. ಏನ್ ಹೇಳ್ಲಿ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಮೇ 11ರಂದು ನೌಕಾಪಡೆಯ ಅಧಿಕಾರಿಯೇ ಪತ್ರಿಕಾಗೋಷ್ಠಿಯಲ್ಲಿ, ಕರಾಚಿಯೂ ಸೇರಿದಂತೆ ಗುರಿಗಳ ಮೇಲೆ ದಾಳಿ ನಡೆಸಲು ಪಡೆ ಸಜ್ಜಾಗಿತ್ತೆಂದರು. ಸಜ್ಜಾಗಿತ್ತು, ಅಷ್ಟೆ. ತಿದ್ದುಪಡಿ ಹಾಕೋಣವೆಂದರೆ ಮೇಲಿನವರು “ಎಲ್ಲರೂ ಹಾಕಿದ್ದರು ಬಿಡಿ” ಎಂದರು. ಹಟ ಹಿಡಿದ ಮೇಲೆ ಐದನೇ ಪುಟದಲ್ಲಿ ಟೆಂಡರ್ ಜಾಹೀರಾತಿನ ಕೆಳಗೆ ಒಂದು ಕಾಲಂ ಸಿಕ್ಕಿತು.

ನಮ್ಮಲ್ಲಿ ಲೀಡ್ ಶೀರ್ಷಿಕೆಯ ಪಾಯಿಂಟ್ ಇಳಿಸಲು ಈಗಲೂ ಸಂಪಾದಕರ ಅನುಮತಿ ಬೇಕು. ‘ವರದಿ’ ಎಂಬುದನ್ನು ಅಳಿಸಲು ಯಾರ ಅನುಮತಿಯೂ ಬೇಕಿಲ್ಲ.