ಬೇಸ್‌ಮೆಂಟಿನ ರಾಕ್ಷಸ

ಶನಿವಾರ, 19 ಅಕ್ಟೋಬರ್ 2024
ಮಿಲ್ವಾಕೀ

ನಮ್ಮನೆ ವಾಷಿಂಗ್ ಮಷೀನ್ ಇರುವುದು ಬೇಸ್‌ಮೆಂಟಿನಲ್ಲಿ. ಶನಿವಾರ ಮಧ್ಯಾಹ್ನ ಮಗ ಮತ್ತು ಅವನ ನಾಲ್ಕು ಜನ ಗೆಳೆಯರು ಕೂರುವುದೂ ಅಲ್ಲೇ. ಹಾಗಾಗಿ ಅವರ ಮಾತು ನನಗೆ ಅರ್ಧಂಬರ್ಧವೇ ಕೇಳುವುದು. ಇವತ್ತು ಬಟ್ಟೆ ಬುಟ್ಟಿ ಹಿಡಿದು ಮೆಟ್ಟಿಲು ಇಳಿಯುವಾಗ ಕೇಳಿದ್ದು ಇಷ್ಟು: "ಪೂಜಾರಿಯನ್ನು ಮೊದಲು ಕೊಲ್ಲೋಣ. ಬಾಗಿಲು ತೆಗೆಯೋಕೆ ಅವನ ರಕ್ತ ಬೇಕು."

ಕಾಲು ಅಲ್ಲೇ ನಿಂತಿತು. ಡೈಸ್ ಉರುಳಿದ ಸದ್ದು. "ಅಯ್ಯೋ, ನಾನೇ ಸತ್ತೆ!" "ಹಾಗಾದ್ರೆ ನಿನ್ನ ಪಿಜ್ಜಾ ನನಗೆ."

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಅಂದರೆ ಇಷ್ಟೇ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳು. ಬೀಸಿದ ಕತ್ತಿ ತಾಗಿತೋ ಇಲ್ಲವೋ ಅಂತ 20 ಮುಖದ ಡೈಸ್ ಹೇಳುತ್ತದೆ. ಬೋರ್ಡ್ ಇಲ್ಲದೆಯೂ ಆಡಬಹುದು. ಇಡೀ ಆಟ ಬಾಯಲ್ಲೇ. ಇದು ಹುಟ್ಟಿದ್ದು ನಮ್ಮಿಂದ ಒಂದು ಗಂಟೆ ದಾರಿಯ ಲೇಕ್ ಜಿನೀವಾದಲ್ಲಿ, 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಈ ವರ್ಷಕ್ಕೆ ಐವತ್ತಾಯಿತು. ನಾವು ಆ ಊರಿಗೆ ಹೋಗುವುದು ಕೆರೆ ನೋಡಿ ಐಸ್‌ಕ್ರೀಂ ತಿನ್ನೋಕೆ ಮಾತ್ರ.

ಸಂಜೆ ನಾಲ್ಕಕ್ಕೆ ಪಕ್ಕದ ಮನೆಯವರು ಬಂದರು. ಐವತ್ತೈದರ ಹತ್ತಿರದ ಮನುಷ್ಯ. ಕೈಯಲ್ಲಿ ಒಂದು ಹಳೇ ಪುಸ್ತಕ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದು. "ನಿಮ್ಮ ಹುಡುಗನಿಗೆ ಕೊಡೋಣ ಅಂತ ತಂದೆ. ಸುಟ್ಟುಹೋಗದೆ ಉಳಿದದ್ದು ಇದೊಂದೇ" ಅಂದರು.

ಸುಟ್ಟುಹೋಗದೆ ಅಂದರೆ? ಅತ್ತೆ ಕಾಫಿ ಕೊಟ್ಟರು, ಅವರು ಕಥೆ ಹೇಳಿದರು.

ಅವರಿಗೆ ಆಗ ಹದಿನಾಲ್ಕು. ಪಕ್ಕದ ರಾಜ್ಯದ ಒಂದು ಸಣ್ಣ ಊರು. ಅವರಮ್ಮ ಹೋಗುತ್ತಿದ್ದ ಚರ್ಚಿನಲ್ಲಿ ಯಾರೋ ಒಂದು ಪುಟ್ಟ ಕಾಮಿಕ್ಸ್ ಹಂಚಿದ್ದರಂತೆ. ಜಾಕ್ ಚಿಕ್ ಅನ್ನುವವನು 1984ರಲ್ಲಿ ಅಚ್ಚು ಹಾಕಿಸಿದ್ದು. ಅದರಲ್ಲಿ ಈ ಆಟ ಆಡುವ ಹುಡುಗಿಗೆ ಮುಂದೆ ನಿಜವಾದ ಮಾಟ ಕಲಿಸುತ್ತಾರೆ. ಇನ್ನೊಬ್ಬಳು ಆಟದಲ್ಲಿ ತನ್ನ ಪಾತ್ರ ಸತ್ತಿತು ಅಂತ ಜೀವ ಕಳೆದುಕೊಳ್ಳುತ್ತಾಳೆ. ಕೊನೆಗೆ ಪುಸ್ತಕಗಳನ್ನೆಲ್ಲ ಬೆಂಕಿಗೆ ಹಾಕುತ್ತಾರೆ. ಅಮ್ಮ ಅದನ್ನು ಓದಿ ಅದರಂತೆಯೇ ಮಾಡಿದರು. ಚರ್ಚಿನ ಅಂಗಳದಲ್ಲಿ ಬೆಂಕಿ, ಮಗನ ಪುಸ್ತಕ, ಯಾರದೋ ಮಗಳ ಕ್ಯಾಸೆಟ್ಟು. "ಪುಸ್ತಕ ಬೇಗ ಉರೀತು. ಡೈಸ್ ಮಾತ್ರ ಉರಿಯಲಿಲ್ಲ, ಕರಗಿ ನಾತ ಹೊಡೀತು" ಅಂದರು. ಈ ಒಂದು ಪುಸ್ತಕ ಅವತ್ತು ಗೆಳೆಯನ ಮನೆಯಲ್ಲಿತ್ತು. ಇದ್ದದ್ದು ಇಷ್ಟೇ ಅಂತ ಅಮ್ಮನಿಗೆ ಸುಳ್ಳು ಹೇಳಿದ್ದರು.

ಅವರು ಹೋದ ಮೇಲೆ ನಾನು ಓದುತ್ತ ಕೂತೆ. ಎಲ್ಲ ಶುರುವಾದದ್ದು ನಮ್ಮ ಮಿಷಿಗನ್ ಸರೋವರದ ಆಚೆ ದಡದ ರಾಜ್ಯದಲ್ಲಿ. 1979ರ ಆಗಸ್ಟ್‌ನಲ್ಲಿ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಿಂದ ಹದಿನಾರರ ಹುಡುಗ ಕಾಣೆಯಾದ. ಬಹಳ ಬುದ್ಧಿವಂತ, ಆ ವಯಸ್ಸಿಗೇ ಕಾಲೇಜು. ಮನೆಯವರು ಗೊತ್ತುಮಾಡಿದ ಖಾಸಗಿ ಪತ್ತೇದಾರ, ಕ್ಯಾಂಪಸ್ಸಿನ ಕೆಳಗಿರುವ ಹಬೆ ಕೊಳವೆಯ ಸುರಂಗಗಳಲ್ಲಿ ಈ ಆಟ ಆಡಲು ಹೋಗಿ ಸಿಕ್ಕಿಕೊಂಡಿರಬಹುದು ಅಂದ. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ತಿಂಗಳ ನಂತರ ಹುಡುಗ ಸಿಕ್ಕಿದ್ದು ದೂರದ ಲೂಸಿಯಾನಾದಲ್ಲಿ. ಸುರಂಗಕ್ಕೆ ಹೋಗಿದ್ದು ನಿಜ, ಆದರೆ ಆಡೋಕಲ್ಲ, ಸಾಯೋಕೆ. ಒಂಟಿತನ, ಓದಿನ ಒತ್ತಡ, ಮನಸ್ಸಿನ ಕಾಯಿಲೆ. ಮುಂದಿನ ವರ್ಷ ತೀರಿಕೊಂಡ. ಸುರಂಗದ ಕಥೆ ಮಾತ್ರ ಸಾಯಲಿಲ್ಲ. ಅದರ ನೆರಳಲ್ಲಿ ಕಾದಂಬರಿ ಬಂತು, 1982ರಲ್ಲಿ ಟಿವಿ ಸಿನಿಮಾ ಬಂತು, ಅದರಲ್ಲಿ ಟಾಮ್ ಹ್ಯಾಂಕ್ಸ್ ಆಟದ ಹುಚ್ಚು ಹಿಡಿದ ಹುಡುಗ. ಇಷ್ಟೆಲ್ಲ ಗಲಾಟೆಯಿಂದ ಆಟದ ಮಾರಾಟ ಬಿದ್ದೀತು ಅಂದುಕೊಂಡರೆ, ಏರಿತು!

ಅದೇ 1982ರಲ್ಲಿ ವರ್ಜೀನಿಯಾದ ಪೆಟ್ರಿಷಿಯಾ ಪುಲ್ಲಿಂಗ್ ಅನ್ನುವ ತಾಯಿಯ ಮಗ ಆತ್ಮಹತ್ಯೆ ಮಾಡಿಕೊಂಡ. ಶಾಲೆಯಲ್ಲಿ ಆಡುವಾಗ ಅವನ ಪಾತ್ರಕ್ಕೆ ಯಾರೋ ಶಾಪ ಹಾಕಿದ್ದರು, ಅದಕ್ಕೇ ಹೀಗಾಯಿತು ಅಂತ ಆಕೆ ನಂಬಿದರು. ಹೆಡ್‌ಮಾಸ್ಟರ್ ಮೇಲೆ ಕೇಸು, ಆಟ ಮಾಡುವ ಕಂಪನಿ ಮೇಲೂ ಕೇಸು. ಎರಡೂ ನಿಲ್ಲಲಿಲ್ಲ. 1983ರಲ್ಲಿ ಈ ಆಟದ ವಿರುದ್ಧ ಒಂದು ಸಂಘ ಕಟ್ಟಿ ಊರೂರು ಸುತ್ತಿದರು. ಪೊಲೀಸರಿಗೂ ಪಾಠ ಹೇಳಿದರು. ರಿಚ್‌ಮಂಡ್ ಕಡೆಯ ಜನರಲ್ಲಿ ನೂರಕ್ಕೆ 8 ಮಂದಿ ಸೈತಾನನ ಭಕ್ತರು ಅಂತ ಒಮ್ಮೆ ಹೇಳಿದ್ದರು. ಲೆಕ್ಕ ಹೇಗೆ ಬಂತು ಅಂತ ವರದಿಗಾರ ಕೇಳಿದ. ಹದಿಹರೆಯದವರಲ್ಲಿ ನೂರಕ್ಕೆ 4, ದೊಡ್ಡವರಲ್ಲಿ ನೂರಕ್ಕೆ 4, ಕೂಡಿದರೆ 8 ಅಂದರು. ಹಾಗೆ ಕೂಡೋಕೆ ಬರಲ್ಲ, ಒಟ್ಟು 4 ಆಗುತ್ತೆ ಅಂತ ಆತ ಹೇಳಿದರೆ, ಪರವಾಗಿಲ್ಲ, 8 ಅನ್ನುವುದೇ ಕಮ್ಮಿ ಅಂದರಂತೆ.

ಜೋರಾಗಿ ನಕ್ಕೆ. ಆಮೇಲೆ ಸುಮ್ನಾದೆ. ಮಗ ಯಾಕೆ ಹೋದ ಅಂತ ರಾತ್ರಿಯಿಡೀ ಕೂತು ಕೂಡಿ ಕಳೆದವಳು ಆಕೆ. ನನಗೆ ಮೆಟ್ಟಿಲ ಮೇಲೆ ಕೇಳಿದ್ದು ಎರಡೇ ವಾಕ್ಯ, ಅಷ್ಟಕ್ಕೇ ಕಾಲು ನಿಂತಿರಲಿಲ್ಲವಾ? ಕಾಮಿಕ್ಸ್ ಹಂಚಿದವರ ಮೇಲೆ ನನಗೆ ಸಿಟ್ಟಿದೆ. ಈ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಹೋದರೆ ಪೂರ್ತಿ ಬರುವುದಿಲ್ಲ.

ಇನ್ನು ಕಂಪನಿಯವರ ಧೈರ್ಯ. 1989ರಲ್ಲಿ ಎರಡನೇ ಆವೃತ್ತಿ ತಂದಾಗ ಡೆವಿಲ್, ಡೀಮನ್ ಎರಡು ಹೆಸರನ್ನೂ ಕಿತ್ತು ಹಾಕಿದರು. ಆಮೇಲೆ ಅದೇ ದೆವ್ವಗಳನ್ನು ಯಾರಿಗೂ ಉಚ್ಚಾರ ಮಾಡಲಾಗದ ಹೊಸ ಹೆಸರಿಟ್ಟು ಹಿಂಬಾಗಿಲಿಂದ ತಂದರು. ಹಳೇ ಹೆಸರು ವಾಪಸ್ ಬಂದಿದ್ದು 2000ದಲ್ಲಿ, ಬೇರೆ ಕಂಪನಿ ಕೊಂಡ ಮೇಲೆ. ತಮಾಷೆ ಏನೆಂದರೆ, ಚರ್ಚಿಗೆ ಹೆದರಿ ಅವರ ದೆವ್ವಗಳು ರಜೆ ಹಾಕಿದ್ದಾಗಲೂ ನಮ್ಮ ರಾಕ್ಷಸ ಡ್ಯೂಟಿಯಲ್ಲೇ ಇದ್ದ. 1977ರ ಪುಸ್ತಕದಿಂದಲೂ ಇದ್ದಾನೆ, ರಾಕ್ಷಸ ಅನ್ನುವ ಹೆಸರಲ್ಲೇ. ಹುಲಿ ತಲೆ, ತಿರುಗುಮುರುಗಾದ ಅಂಗೈ, ಮೈಮೇಲೆ ರೇಷ್ಮೆ ಅಂಗಿ. ಅವನ ಪರವಾಗಿ ದೂರು ಕೊಡೋಕೆ ಯಾರೂ ಹೋಗಲಿಲ್ಲ.

ಮಗನ ಪುಸ್ತಕದಲ್ಲಿ ಅವನ ಚಿತ್ರ ನೋಡಿ ಅತ್ತೆಗೆ ಬೇಜಾರಾಗಿತ್ತು, ಹೋದ ವಾರವೇ. ನವರಾತ್ರಿ ಮುಗಿದಿತ್ತಷ್ಟೆ, ಒಂಬತ್ತು ದಿನವೂ ಮಹಿಷಾಸುರನ ಕಥೆ ಓದಿದವರು. "ಹುಲಿ ತಲೆ ಯಾಕೆ ಪುಟ್ಟಾ? ರಾವಣನಿಗೆ ಹತ್ತು ತಲೆ ಇತ್ತು, ಒಂದೂ ಹುಲೀದಲ್ಲ." ಅತ್ತೆಯ ಅಣ್ಣ ಯಕ್ಷಗಾನದಲ್ಲಿ ಬಣ್ಣದ ವೇಷ ಮಾಡುತ್ತಿದ್ದವರು. ರಾಕ್ಷಸನಾಗಿ ರಾತ್ರಿಯಿಡೀ ಕೂಗಿ ಬೆಳಗ್ಗೆ ಮನೆಗೆ ಬಂದು ತಂಗಿ ಕೈಯಲ್ಲಿ ಗಂಜಿ ಕೇಳುತ್ತಿದ್ದರಂತೆ. ಹಾಗಾಗಿ ಹುಡುಗರು ರಾಕ್ಷಸರ ಜೊತೆ ಆಡುತ್ತಾರೆ ಅನ್ನುವುದು ಅವರಿಗೆ ವಿಷಯವೇ ಅಲ್ಲ. ಅವರ ಚಿಂತೆ ಬೇರೆ. ಅವತ್ತು ಬೇಸ್‌ಮೆಂಟಿಗೇ ಇಳಿದು ಕೇಳಿದ್ದರು: "ಆಡೋ ಮುಂಚೆ ಗಣಪತಿಗೆ ಕೈ ಮುಗಿದ್ರಾ? ಚೌಕಿ ಪೂಜೆ ಆಗದೆ ಯಾರಾದ್ರೂ ಬಣ್ಣ ಹಚ್ತಾರಾ?" ಮಗನಿಗೆ ನಾಚಿಕೆಯೋ ನಾಚಿಕೆ. ಗೆಳೆಯರು ಮಾತ್ರ ಇಂಗ್ಲಿಷಿನಲ್ಲಿ ಅರ್ಥ ಕೇಳಿಕೊಂಡು, ಕೈ ಮುಗಿದು, ಡೈಸನ್ನು ಅಜ್ಜಿ ಕೈಗೇ ಕೊಟ್ಟರು. ಬಿದ್ದದ್ದು 3.

ಇವತ್ತಿನದು ಅಷ್ಟು ಸಲೀಸಾಗಿರಲಿಲ್ಲ. ಪಕ್ಕದ ಮನೆಯವರು ತಂದದ್ದು 1980ರ ಪುಸ್ತಕ. ಲೋಕದ ದೇವರುಗಳ ಪಟ್ಟಿ. ಗ್ರೀಸ್, ಈಜಿಪ್ಟ್, ಚೀನಾ, ಆಮೇಲೆ ಇಂಡಿಯಾ. ಇಂದ್ರ, ಅಗ್ನಿ, ಲಕ್ಷ್ಮಿ, ವಿಷ್ಣು, ಕಾಳಿ. ಒಬ್ಬೊಬ್ಬರ ಕೆಳಗೂ ಅಂಕಿ. ಏಸುವಿನ ಪುಟ ಹುಡುಕಿದೆ. ಇಲ್ಲ. ಅಲ್ಲಿ ಬೆಂಕಿ ಬೀಳುತ್ತೆ ಅಂತ ಗೊತ್ತಿತ್ತು, ಅಲ್ವಾ?

"ಈ ನಂಬರು ಏನೋ?" ಅತ್ತೆ ಕಾಳಿಯ ಮೇಲೆ ಬೆರಳಿಟ್ಟು ಕೇಳಿದರು.

"ಅದು ಜೀವ, ಅಜ್ಜಿ. ಅಷ್ಟು ಏಟು ಬಿದ್ರೆ ಸಾಯ್ತಾಳೆ."

ನನಗೆ ಎಲ್ಲೋ ಚುರುಕ್ ಅಂತು. ಪುಸ್ತಕ ಸುಡುವವರ ಮೇಲೆ ಆಗಷ್ಟೇ ಸಿಟ್ಟು ಮಾಡಿಕೊಂಡಿದ್ದವಳು ನಾನು. ಇಷ್ಟಕ್ಕೂ ದೇವರ ಕೋಣೆಗೆ ದಿನಾ ಹೋಗುವವಳೂ ಅಲ್ಲ. ಆದರೂ ಆ ಅಂಕಿ ಕಣ್ಣಿಗೆ ಚುಚ್ಚಿತು. ಮುಚ್ಚಿಡು ಅನ್ನೋ ಮಾತು ಬಾಯಿ ತನಕ ಬಂದಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಯಾರ ಕೈಲಿ ಸಾಯ್ತಾಳಂತೆ?"

ಮಗ ಯೋಚಿಸಿದ. "ಯಾರ ಕೈಲೂ ಆಗಲ್ಲ ಅಜ್ಜಿ. ಅಷ್ಟು ಡೈಸ್ ಬೀಳೋದೇ ಇಲ್ಲ."

"ಹಾಗಾದ್ರೆ ಸರಿ" ಅಂತ ಅತ್ತೆ ಪುಟ ತಿರುಗಿಸಿದರು. ನನಗೆ ಸರಿ ಅನ್ನಿಸಲಿಲ್ಲ. ಏನೂ ಹೇಳಲೂ ಇಲ್ಲ.

ಪಕ್ಕದ ಮನೆಯವರ ಅಮ್ಮ ಇನ್ನೂ ಇದ್ದಾರಂತೆ, ಎಂಬತ್ತು ದಾಟಿದೆ. ಮೊಮ್ಮಕ್ಕಳು ಇದೇ ಆಟ ಆಡುವಾಗ ಕುಕೀಸ್ ಮಾಡಿ ಕಳಿಸುತ್ತಾರೆ. ಆ ರಾತ್ರಿಯ ಮಾತನ್ನು ಮಾತ್ರ ಇಬ್ಬರೂ ಎತ್ತಿಲ್ಲ, ನಲವತ್ತು ವರ್ಷದಲ್ಲಿ ಒಮ್ಮೆಯೂ.

ರಾತ್ರಿ ಹತ್ತಕ್ಕೆ ಡ್ರೈಯರ್‌ನಿಂದ ಬಟ್ಟೆ ತೆಗೆಯೋಕೆ ಕೆಳಗಿಳಿದೆ. ಹುಡುಗರು ಹೋಗಿ ಆಗಿತ್ತು. ಪಿಜ್ಜಾ ಡಬ್ಬಿ, ಪೆನ್ಸಿಲ್, ನೆಲದ ಮೇಲೆ ಎರಡು ಪುಸ್ತಕ. ಹಳೇದನ್ನು ಎತ್ತಿ, ಅಂಗೈಯಲ್ಲಿ ಒರೆಸಿ, ಕಪಾಟಿನ ಮೇಲಿಟ್ಟೆ. ಲಕ್ಷ್ಮಿ ಇರುವ ಪುಸ್ತಕ, ಕಾಲಿಗೆ ತಾಗಬಾರದು. ಇನ್ನೊಂದನ್ನು ಅಲ್ಲೇ ಬಿಟ್ಟೆ. ಅದರಲ್ಲಿ ರಾಕ್ಷಸ ಮಾತ್ರ ಇರೋದು.

ಬಟ್ಟೆ ಇನ್ನೂ ಹಸಿ ಇತ್ತು. ಮತ್ತೆ ಇಪ್ಪತ್ತು ನಿಮಿಷಕ್ಕೆ ಹಾಕಿ ಬಂದೆ.