ಹಳೆ ದರ ಅಳಿಸಬೇಡಿ

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕಕ್ಕೆ ವೆಬ್ ಆ್ಯಪ್ ಮಾಡುತ್ತಿದ್ದೇವೆ. ಇಲ್ಲಿ ಒಂದು ಬಾಕ್ಸ್ ಅಂದರೆ 15 ಕೆಜಿ. 'ಅದನ್ನ ಕೋಡ್‌ನಲ್ಲೇ ಬರೆದುಬಿಡೋಣ' ಅಂದ ಗೆಳೆಯ. ನಾನು ಒಪ್ಪಲಿಲ್ಲ. ಬಾಕ್ಸ್ ತೂಕ, ಹಮಾಲಿ ದರ ಎಲ್ಲ ಬದಲಾಗುವಂಥವು. ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರ್ ತಾವೇ ಬದಲಿಸಿಕೊಳ್ಳಬೇಕು, ನಮ್ಮ ಹೊಸ ಕೋಡ್‌ಗೆ ಕಾಯಬಾರದು ಅಲ್ವಾ? ಅವನ್ನು ಡೇಟಾಬೇಸ್‌ನ ಟೇಬಲ್‌ನಲ್ಲಿಟ್ಟೆವು.

ಪಾಸ್‌ವರ್ಡ್, ಎಸ್ಸೆಮ್ಮೆಸ್ ಕೀ (ಮೆಸೇಜ್ ಕಳಿಸುವ ಸೇವೆಯ ಗುಟ್ಟಿನ ಸಂಕೇತ) ಮಾತ್ರ ಸರ್ವರ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ, ಅಂದರೆ ಕೋಡ್‌ನಿಂದ ಹೊರಗಿಡುವ ಸೆಟ್ಟಿಂಗ್‌ನಲ್ಲಿ. ಕೋಡ್‌ನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ಗೆ ಒಮ್ಮೆ ಸೇರಿದರೆ, ಆಮೇಲೆ ಫೈಲ್ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ (ಹಿಂದಿನ ದಾಖಲೆಯಲ್ಲಿ) ಅವು ಹಾಗೇ ಉಳಿಯುತ್ತವೆ.

ಜಾಸ್ತಿ ಚರ್ಚೆಯಾಗಿದ್ದು ಬದಲಿಸುವ ರೀತಿಯ ಬಗ್ಗೆ. ಹಳೆ ದರದ ಮೇಲೇ ಹೊಸದನ್ನು ಬರೆದರೆ ಕೆಲಸ ಸುಲಭ. ಆದರೆ ಮುಳಬಾಗಿಲಿನ ಕಡೆಯ ರೈತರೊಬ್ಬರು ಹೋದ ತಿಂಗಳ ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಹಿಡಿದು ಬಂದರೆ? ಸ್ಕ್ರೀನ್‌ನಲ್ಲಿ ಆ್ಯಪ್ ಇವತ್ತಿನ ದರ ಹಾಕಿ ಬೇರೆ ಮೊತ್ತ ತೋರಿಸುತ್ತದೆ. ಅವರ ಕೈಯಲ್ಲಿರುವ ಚೀಟಿಯೇ ಸುಳ್ಳು ಅಂದಂತಾಗುತ್ತದೆ. ನನಗೆ ಇದು ಬರೀ ಪ್ರೋಗ್ರಾಮಿಂಗ್ ವಿಷಯ ಅನಿಸುವುದಿಲ್ಲ. ರಾತ್ರಿಯೆಲ್ಲ ಲೋಡ್ ಮಾಡಿ ತಂದವರಿಗೆ ಲೆಕ್ಕ ಕೇಳುವ ಹಕ್ಕಿದೆ.

ಅದಕ್ಕೇ ಪ್ರತಿ ಬದಲಾವಣೆಗೂ ಹೊಸ ಸಾಲು. ಯಾವ ದಿನದಿಂದ ಜಾರಿ, ಯಾರು ಬದಲಿಸಿದರು ಎಲ್ಲ ಅದರಲ್ಲೇ ಇರುತ್ತದೆ. ಪಟ್ಟಿಯ ತಾರೀಖು ನೋಡಿ ಆ ದಿನದ ದರವನ್ನೇ ಆ್ಯಪ್ ತೆಗೆದುಕೊಳ್ಳುತ್ತದೆ. ಇನ್ನು ಉಳಿದಿರುವುದು ಕ್ಯಾಶ್ (cache, ಬೇಗ ಓದಲು ಸರ್ವರ್ ತನ್ನ ಬಳಿ ಇಟ್ಟುಕೊಳ್ಳುವ ಪ್ರತಿ) ಕೆಲಸ: ದರ ಬದಲಾದ ತಕ್ಷಣ ಎಲ್ಲ ಸರ್ವರ್‌ಗಳೂ ತಮ್ಮ ಹಳೆ ಪ್ರತಿ ಬಿಟ್ಟು ಹೊಸದನ್ನು ಓದಬೇಕು. ನಾಳೆ ಅದನ್ನೇ ಹಿಡಿಯುತ್ತೇವೆ.