ಟಿಸಿ ಕೊಡಲಾಗದ ಆ ಜೂನ್ ಬೆಳಗ್ಗೆ

ವಿರಾಜಪೇಟೆ ಕಡೆಯ ಒಂದು ಶಾಲೆ. ಎರಡು ವರ್ಷದ ಹಿಂದಿನ ಜೂನ್. ಮಳೆ ಹಿಡಿದುಕೊಂಡಿತ್ತು, ಕರೆಂಟ್ ಇರಲಿಲ್ಲ. ಯುಪಿಎಸ್ ಮೇಲೆ ಆಫೀಸಿನ ಒಂದೇ ಕಂಪ್ಯೂಟರ್ ಓಡುತ್ತಿತ್ತು. ಬೆಂಚಿನ ಮೇಲೆ ತೋಟದ ಕೂಲಿಯವರ ಲೈನ್ ಮನೆಯಿಂದ ಬಂದ ಒಬ್ಬ ತಾಯಿ, ಪಕ್ಕದಲ್ಲಿ ಮಗಳು. ತೋಟದ ಕೆಲಸ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹುಣಸೂರಿಗೆ ಹೊರಟಿದ್ದರು. ಟಿಸಿ ಬೇಕಿತ್ತು.

ಸ್ಕ್ರೀನ್ ಮೇಲೆ ಬಂದದ್ದು ಒಂದೇ ಸಾಲು: ಲೈಸೆನ್ಸ್ ಮುಗಿದಿದೆ, ರಿನ್ಯೂ ಮಾಡಿ.

ಆ ಸಾಫ್ಟ್‌ವೇರ್ ಹಾಕಿಸಿ, ಮಕ್ಕಳ ದಾಖಲೆಯೆಲ್ಲ ಅದರಲ್ಲೇ ಇಡಿ ಎಂದು ಹೇಳಿದ್ದು ನಾನೇ. ಮೊದಲ ವರ್ಷ ಫ್ರೀ ಅಂದಿದ್ದರು. ಡೆಮೋದಲ್ಲಿ ಎಸ್‌ಎಂಎಸ್, ಐಡಿ ಕಾರ್ಡ್, ಫೀಸ್ ರಸೀದಿ ಎಲ್ಲ ಚೆನ್ನಾಗಿ ಕಂಡಿತ್ತು. ರೇಟಿನ ಬಗ್ಗೆ ಒಂದು ಗಂಟೆ ಚೌಕಾಸಿ ಮಾಡಿದ್ದೆ. ನಾಳೆ ಬಿಡಬೇಕಾದರೆ ಮಕ್ಕಳ ಡೇಟಾ ಹೇಗೆ ಕೊಡ್ತೀರಿ ಅಂತ ಮಾತ್ರ ಕೇಳಲೇ ಇಲ್ಲ. ಇದು ಈಗಲೂ ಚುಚ್ಚುತ್ತದೆ.

ಈ ಸಲ ರಿನ್ಯೂವಲ್ ದುಪ್ಪಟ್ಟಾಗಿತ್ತು, ಮ್ಯಾನೇಜ್‌ಮೆಂಟ್‌ನವರು ಫೈಲನ್ನು ಪಕ್ಕಕ್ಕಿಟ್ಟಿದ್ದರು. ಸಪೋರ್ಟ್‌ಗೆ ಫೋನ್ ಮಾಡಿದೆ. "ದುಡ್ಡು ಹಾಕಿ ಸಾರ್, ಅರ್ಧ ಗಂಟೆಯಲ್ಲಿ ಓಪನ್ ಮಾಡ್ತೀವಿ" ಅಂದರು. ಬ್ಯಾಕಪ್ ಫೈಲ್ ತೆರೆಯಲು ನೋಡಿದೆ, ಪಾಸ್‌ವರ್ಡ್ ಕೇಳಿತು. ಅದು ಶಾಲೆಯಲ್ಲಿ ಯಾರ ಹತ್ತಿರವೂ ಇಲ್ಲ. ಯುಪಿಎಸ್ ಕೂಗತೊಡಗಿತು. ಹೆಡ್‌ಮಿಸ್ ಬಂದು, "ನಮ್ಮ ಮಕ್ಕಳ ಮಾಹಿತಿ ನಮಗೇ ಸಿಗಲ್ವಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ತಾಯಿ ಏನೂ ಕೇಳಲಿಲ್ಲ, ಗೋಡೆ ಗಡಿಯಾರ ನೋಡುತ್ತಲೇ ಇದ್ದರು.

ಕೊನೆಗೆ ಗುಮಾಸ್ತರು ಬೀರುವಿನಿಂದ ಹಳೆಯ ಅಡ್ಮಿಷನ್ ರಿಜಿಸ್ಟರ್ ತೆಗೆದು, ಟಿಸಿಯನ್ನು ಕೈಯಲ್ಲೇ ಬರೆದುಕೊಟ್ಟರು. ಬಸ್ಸು ಸಿಕ್ಕಿತು.

ಆಮೇಲೆ ದುಡ್ಡು ಕಟ್ಟಿ ಮಕ್ಕಳ ಡೇಟಾವನ್ನು ಎಕ್ಸೆಲ್ ಫೈಲಾಗಿ ತರಿಸಿಕೊಂಡೆವು. ತೆರೆದರೆ ಕನ್ನಡದ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವನ್ನು ಕನ್ನಡವಾಗಿಯೇ ತೋರಿಸುವ ಯೂನಿಕೋಡ್ ಅಲ್ಲ, ಹಳೆಯ ಕಾಲದ ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಆಗುವುದಿಲ್ಲ. ಕನ್ವರ್ಟರ್‌ಗೆ ಹಾಕಿದರೆ ಅರ್ಕಾವತ್ತು ಜಾಗ ತಪ್ಪಿ ಕಾರ್ಯಪ್ಪ ಹೋಗಿ ಕಾಯರ್ಪ್ಪ ಆಗಿತ್ತು. ಟಿಸಿಯಲ್ಲಿ ಒಂದು ಅಕ್ಷರ ತಪ್ಪಿದರೂ ಮಗು ಮುಂದೆ ಎಷ್ಟು ಆಫೀಸು ಅಲೆಯಬೇಕು! ಗುಮಾಸ್ತರೂ ನಾನೂ ರಿಜಿಸ್ಟರ್ ಪಕ್ಕಕ್ಕಿಟ್ಟುಕೊಂಡು ಎರಡು ವಾರ ಒಂದೊಂದೇ ಹೆಸರು ತಿದ್ದಿದೆವು.

ಈಗ ಆ ಶಾಲೆಯಲ್ಲಿ ಹೆಸರುಗಳೆಲ್ಲ ಯೂನಿಕೋಡ್‌ನಲ್ಲಿವೆ. ತಿಂಗಳಿಗೊಮ್ಮೆ ಪೂರ್ತಿ ಡೇಟಾ ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲ್ ಆಗಿ ಪೆನ್‌ಡ್ರೈವ್‌ಗೆ ಬರುತ್ತದೆ. ಪ್ರಶ್ನೆಪತ್ರಿಕೆಗಳನ್ನು ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮಾಡಿ ಒಡಿಎಫ್ ಎಂಬ ಫೈಲ್ ರೂಪದಲ್ಲಿ ಇಡುತ್ತೇವೆ. ಒಡಿಎಫ್ 2006ರಿಂದ ಅಂತರರಾಷ್ಟ್ರೀಯ ಐಎಸ್ಒ ಮಾನಕ, ಯಾವ ಒಂದು ಕಂಪನಿಯ ಗುಟ್ಟೂ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಇಲ್ಲ. ಅವಕ್ಕೆ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಿದೆ. ಮಕ್ಕಳಿಗೆ ಕಷ್ಟವಾಗುತ್ತದೆ ಎಂದು ಮ್ಯಾನೇಜ್‌ಮೆಂಟ್‌ನವರು ಹೆದರಿದ್ದರು. ಮಾಕುಟ್ಟ ಘಾಟಿ ಇಳಿದರೆ ಕೇರಳ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಲಿನಕ್ಸ್‌ನಲ್ಲೇ ಪಾಠ ನಡೀತಿದೆ ಅಲ್ವಾ? ಅಕೌಂಟ್ಸ್‌ಗೆ ಮಾತ್ರ ಟ್ಯಾಲಿ ಬೇಕು, ಅದಕ್ಕೆ ಒಂದು ವಿಂಡೋಸ್ ಉಳಿಸಿದ್ದೇವೆ.

ಹೋದ ವಾರ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್‌ನವರು (ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವವರು) ಹೊಸ ಸಾಫ್ಟ್‌ವೇರ್ ನೋಡಲು ನನ್ನನ್ನು ಕರೆದಿದ್ದರು. ಡೆಮೋ ಹುಡುಗ ಸ್ಟಾಕ್, ಬಿಲ್ಲು ಎಲ್ಲ ತೋರಿಸಿದ. ಈಗ ಹಾಕಿದ ಎಂಟ್ರಿಗಳನ್ನೆಲ್ಲ ನನ್ನ ಕಣ್ಣೆದುರೇ ಹೊರಗೆ ತೆಗೆದುಕೊಡಪ್ಪ ಅಂದೆ. ಆಫೀಸಿಗೆ ಕೇಳಬೇಕು ಸಾರ್ ಅಂದ. ಕೇಳು, ಕಾಯ್ತೀನಿ ಅಂತ ಕುರ್ಚಿ ಎಳೆದುಕೊಂಡು ಕೂತೆ.